ತುಪ್ಪದ ಗಿಂಡಿ ಹಿಡಿದು ಬಂದ ಕಂಪ್ಲಿಯ ಅತ್ತೆ

ನಾನು ಶಿಸ್ತಿನ ಮನುಷ್ಯ. ಹೊಸಪೇಟೆಯ ನನ್ನ ಹೆರಿಗೆ ಕ್ಲಿನಿಕ್ಕಿನಲ್ಲಿ ಚಪ್ಪಲಿ ಹೊರಗೆ, ಮೊಬೈಲ್ ಬಂದ್, ಹರಟೆ ನಿಷಿದ್ಧ. ಆದರೂ ನಾನು ಮುಖ ಬಿಗಿದು ಕುಳಿತ ದಿನವೇ ಯಾರಾದರೂ ನಗಿಸಿ ಹೋಗುತ್ತಾರೆ. ಕಂಪ್ಲಿಯ ಒಂದು ಅತ್ತೆ-ಸೊಸೆ ಜೋಡಿಯಂತೂ ಆ ಕೆಲಸವನ್ನು ಬಿಡದೆ ಮಾಡಿತು.

೧. ಒಗ್ಗರಣೆ ಬಂದ್

ರೈಸ್ ಮಿಲ್ಲಿನ ಮನೆತನ. ಸೊಸೆಗೆ ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ. ಮುಟ್ಟು ತಪ್ಪಿ ತಪ್ಪಿ ಬರುತ್ತಿತ್ತು, ಮಕ್ಕಳಾಗಿರಲಿಲ್ಲ. ಓಣಿಯವರ ಮಾತಿಗೆ ಬೇಸತ್ತು ಆಕೆ ಯಾರ ಮನೆಯ ತೊಟ್ಟಿಲ ಕಾರ್ಯಕ್ಕೂ ಹೋಗುತ್ತಿರಲಿಲ್ಲ. ಮಾತ್ರೆ ಬರೆದೆ, ದಿನಾ ನಡೆಯಲು ಹೇಳಿದೆ. ಡಾಲ್ಡಾ ಬೇಡ, ಕಾಯಿಸಿದ ಎಣ್ಣೆಯಲ್ಲೇ ಮತ್ತೆ ಕರಿದ ಮಿರ್ಚಿ ಬೇಡ ಎಂದೆ. ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು.

ಮುಂದಿನ ತಿಂಗಳು ಬಂದಾಗ ಸೊಸೆಯ ಮುಖ ಬಾಡಿತ್ತು. ಅತ್ತೆ ಎಣ್ಣೆಯ ಕುಲವನ್ನೇ ಮನೆಯಿಂದ ಹೊರಹಾಕಿ, ನೀರಲ್ಲಿ ಬೇಯಿಸಿದ್ದನ್ನೇ ಎಲ್ಲರಿಗೂ ಬಡಿಸುತ್ತಿದ್ದರಂತೆ. ಮನೆಯವರೆಲ್ಲ ಒಪ್ಪಿದರೇ ಎಂದು ಕೇಳಿದೆ.

“ಸೊಸಿ ಉಣ್ತಾಳ್ರಿ. ಗಂಡಸ್ರು ದಿನಾ ಮಠದ ಪ್ರಸಾದಕ್ಕ ಹೊಂಟಾರ. ಊರಿಗೆಲ್ಲ ಅಕ್ಕಿ ಮಾರೋ ಮಂದಿ, ಪಂಕ್ತ್ಯಾಗ ಕುಂತು ಕೈಯೊಡ್ಡಾಕ ಹತ್ತ್ಯಾರ.”

೨. ಎಮ್ಮೆಯ ಪಥ್ಯ

ಕೊಬ್ಬೆಲ್ಲ ಶತ್ರುವಲ್ಲ ಎಂದು ಟೇಬಲ್ ಗುದ್ದಿ ವಿವರಿಸಿದೆ. ಅಳತೆಯ ಶೇಂಗಾ ಎಣ್ಣೆಯ ಒಗ್ಗರಣೆ ಇರಲಿ, ಚಮಚ ತುಪ್ಪ ಇರಲಿ, ರೊಟ್ಟಿಯ ಜೊತೆ ಅಗಸೆ ಚಟ್ನಿಪುಡಿ ಇರಲಿ. ಅಗಸೆಯ ಕೊಬ್ಬು ಒಳ್ಳೆಯದು ಎಂದೆ.

ಅತ್ತೆ ನನ್ನನ್ನೇ ದಿಟ್ಟಿಸಿದರು. “ಅಗಸಿನಾ? ನಮ್ಮ ಎಮ್ಮಿಗೆ ಅದನ್ನ ಹಾಕ್ತೀವ್ರಿ. ವರ್ಷಾ ಈಯ್ತೈತಿ.”

ಅಗಸೆಯೊಂದರಿಂದಲೇ ಯಾರಿಗೂ ಮಕ್ಕಳಾಗುವುದಿಲ್ಲ, ಮಾತ್ರೆ, ನಡಿಗೆ ಎರಡೂ ಬೇಕು ಎಂದು ಗದರಿದೆ.

“ಎಮ್ಮಿನೂ ನಡೀತೈತ್ರಿ, ಕಾಲವಿ ತನಕ.”

ಮರುದಿನದಿಂದ ಸೊಸೆಯ ವಾಕಿಂಗ್ ಕಾಲುವೆಯವರೆಗೆ ಎಮ್ಮೆಯ ಹಿಂದೆಯೇ ಶುರುವಾಯಿತು. ಇಬ್ಬರಲ್ಲಿ ಹೇಳಿದ ಮಾತು ಕೇಳುವುದು ಎಮ್ಮೆಯೇ ಎಂದು ಅತ್ತೆ ವರದಿ ಒಪ್ಪಿಸಿದರು.

೩. ಮೊದಲನೆಯ ‘ಸಾಕು’

ಮುಟ್ಟು ಕ್ರಮಕ್ಕೆ ಬಂತು. ಒಂದು ದಿನ ಸ್ಕ್ಯಾನಿನ ಪರದೆಯ ಮೇಲೆ ಪುಟ್ಟ ಎದೆಬಡಿತ ಕಂಡಿತು. ಸೊಸೆ ಬಿಕ್ಕಿದಳು. ಅತ್ತೆ ಅಲ್ಲಿಂದಲೇ ಮಿಲ್ಲಿಗೆ ಫೋನ್ ಹಚ್ಚಿ ಕೂಗಿದರು. ನಾನು ಗದರಲಿಲ್ಲ.

ಬಸುರಿಗೆ ಕುಂಕುಮವಿಟ್ಟು ಸಿಹಿ ಉಣಿಸುವ ಕುಬಸದ ಶಾಸ್ತ್ರ ಮುಗಿದ ಮರುದಿನ ಹಸಿರು ಬಳೆಯ ಸೊಸೆಯನ್ನು ಕರೆದುಕೊಂಡು, ಹೋಳಿಗೆ ಡಬ್ಬಿ, ತುಪ್ಪದ ಗಿಂಡಿ ಹಿಡಿದು ಅತ್ತೆ ಹಾಜರಾದರು. ಪೇಷಂಟುಗಳು ತಂದದ್ದನ್ನು ನಾನು ಮುಟ್ಟುವುದಿಲ್ಲ ಎಂದೆ.

“ನೀವು ಹೇಳಿದ್ದನ್ನ ನಾವು ಇಷ್ಟ್ ದಿನ ತಿಂದೀವಿ. ನಾ ಹೇಳಿದ್ದನ್ನ ನೀವು ಒಂದ್ ಹೊತ್ತು ತಿನ್ರಿ. ಕುಂದ್ರಿ.”

ಕುಳಿತೆ. ಹಣೆಗೆ ಕುಂಕುಮ ಹಚ್ಚಿದರು, ತಟ್ಟೆ ಕೈಗಿಟ್ಟರು, ತುಪ್ಪ ಸುರಿಯತೊಡಗಿದರು. ಅವರ ಮನೆಯಲ್ಲಿ ಅತಿಥಿಯ ಮೊದಲನೆಯ ‘ಸಾಕು’ ಲೆಕ್ಕಕ್ಕಿಲ್ಲವಂತೆ. ಎರಡನೆಯದೂ ಲೆಕ್ಕಕ್ಕೆ ಬರಲಿಲ್ಲ. ಸೊಸೆ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಿದ್ದಳು.

ಬಂಡ್ರಿಯಿಂದ ಮೊಮ್ಮಗಳನ್ನು ತೋರಿಸಲು ಬಂದಿದ್ದ ಅಜ್ಜಿಯೊಬ್ಬಳು ಬಾಗಿಲಲ್ಲಿ ಇಣುಕಿದಳು. ಕುಂಕುಮ ನೋಡಿದಳು, ಹೋಳಿಗೆ ನೋಡಿದಳು, ತಟ್ಟೆಯ ಕೆಳಗಿನ ನನ್ನ ಹೊಟ್ಟೆಯನ್ನು ಸಾವಕಾಶ ನೋಡಿ, ನರ್ಸಿನ ಕಡೆ ತಿರುಗಿದಳು.

“ಡಾಕ್ಟ್ರಿಗೆ ಎಷ್ಟು ತಿಂಗಳಾತವ್ವಾ?”