ಪಾಲಿಗೆ ಬಿದ್ದ ವಚನ

ಭಕ್ತರ ಮೇಲೆ ನನಗೆ ದ್ವೇಷವೇನೂ ಇಲ್ಲ. ಒಬ್ಬೊಬ್ಬರಾಗಿ ಸಿಕ್ಕರೆ ಒಳ್ಳೆಯವರೇ. ಆದರೆ ಒಂದಷ್ಟು ಜನ ಭಕ್ತರು ಒಂದೇ ಚಾಪೆಯ ಮೇಲೆ ಕೂತು, ಆತ್ಮವನ್ನು ಸಿದ್ಧಪಡಿಸಿಕೊಳ್ಳುತ್ತೇವೆ ಎಂದು ಹೊರಟರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಉರಿ ನನಗೆ ಹತ್ತಿಕೊಂಡಿದ್ದು ಎಮರ್ಜೆನ್ಸಿ ಮುಗಿದ ಹೊಸತರಲ್ಲಿ, ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟರಾಗಿದ್ದಾಗ. ನಮ್ಮ ಚರ್ಚಿಗೆ ಸೇರಿದ ಮನೆಗಳು ಬೆರಳಲ್ಲಿ ಎಣಿಸುವಷ್ಟು. ಪಾದ್ರಿಗಳು ಭಾನುವಾರ ಕೋಲಾರದಿಂದ ಬಸ್ಸಿನಲ್ಲಿ ಬರುತ್ತಿದ್ದರು; ಬಸ್ಸು ಕೆಟ್ಟರೆ ಆ ವಾರದ ಆರಾಧನೆಯೂ ಕೆಟ್ಟಂತೆ. ಆ ವರ್ಷ ಅವರಿಗೆ ಏನನ್ನಿಸಿತೋ, ಲೆಂಟಿನಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ, ಪ್ರತಿ ಮಂಗಳವಾರ ಸಂಜೆ ಸರದಿಯಂತೆ ಒಂದೊಂದು ಮನೆಯಲ್ಲಿ ಸೇರಿ ಸತ್ಯವೇದ ಓದಿ ಎಂದು ಅಪ್ಪಣೆ ಮಾಡಿದರು. ಉಪವಾಸದ ಕಾಲವಾದ್ದರಿಂದ ಕಾಫಿಯ ಹೊರತು ಬೇರೇನೂ ಕೊಡಕೂಡದೆಂದೂ ಹೇಳಿದರು.

ಮೊದಲ ಮನೆಯವರು ಪಾಪ ಬರೀ ಕಾಫಿ ಕೊಟ್ಟು ಊರಿನ ಬಾಯಿಗೆ ಬಿದ್ದರು. ಎರಡನೆಯ ಮನೆಯಲ್ಲಿ ಕಾಫಿಯ ಜೊತೆ ಕೋಡುಬಳೆ ಬಂತು. ಅದರ ಮುಂದಿನ ವಾರ ನಿಪ್ಪಟ್ಟು, ಆಮೇಲೆ ಉಪ್ಪಿಟ್ಟು, ಅದರಾಚೆ ಕೇಸರಿಬಾತು. ಮಾಂಸ ಬಿಟ್ಟ ಹೆಮ್ಮೆಯೊಂದನ್ನು ಹೊತ್ತುಕೊಂಡು ನಮ್ಮ ಸಭೆ ಆ ಲೆಂಟಿನಲ್ಲಿ ಚೆನ್ನಾಗಿ ದಪ್ಪಗಾಯಿತು. ಒಳಗಿನಿಂದ ಒಗ್ಗರಣೆಯ ವಾಸನೆ ಬಂದರೆ ಓದು ತಾನಾಗಿ ಜೋರಾಗುತ್ತಿತ್ತು, ಪ್ರಾರ್ಥನೆ ತಾನಾಗಿ ಮೊಟಕಾಗುತ್ತಿತ್ತು.

ಓದುವ ಕ್ರಮವೋ, ಅದೊಂದು ತಮಾಷೆ. ಸಾಲಾಗಿ ಕೂತವರು ಒಬ್ಬರಾದ ಮೇಲೆ ಒಬ್ಬರು ಒಂದೊಂದು ವಚನ ಓದಬೇಕು. ಅರ್ಧ ಜನರ ಕೈಯಲ್ಲಿ ಕನ್ನಡ ಸತ್ಯವೇದ, ಇನ್ನರ್ಧ ಜನರ ಕೈಯಲ್ಲಿ ತೆಲುಗಿನದು. ಒಂದು ವಚನ ಕನ್ನಡದಲ್ಲಿ, ಮುಂದಿನದು ತೆಲುಗಿನಲ್ಲಿ. ಇದರಿಂದ ನೊಂದವನು ನಾನೊಬ್ಬನೇ. ಮಿಕ್ಕವರಿಗೆ ನೋಯಲು ಬಿಡುವೇ ಇರಲಿಲ್ಲ, ಏಕೆಂದರೆ ಯಾರೂ ಇನ್ನೊಬ್ಬರು ಓದಿದ್ದನ್ನು ಕೇಳುತ್ತಿರಲಿಲ್ಲ. ತನ್ನ ಸರದಿಗೆ ಯಾವ ವಚನ ಬರುತ್ತದೆಂದು ಮುಂಚೆಯೇ ಎಣಿಸಿಟ್ಟುಕೊಂಡು, ತುಟಿಯಲ್ಲೇ ಅಭ್ಯಾಸ ಮಾಡುತ್ತಾ ಕೂರುವುದು, ಓದಿ ಮುಗಿದ ಮೇಲೆ ಉಸಿರು ಬಿಟ್ಟು ಅಡಿಗೆಮನೆಯ ಕಡೆ ನೋಡುವುದು.

ಇಷ್ಟು ಸಾಲದೆಂದು ನಮ್ಮ ಹಿರಿಯರಾದ ಸಾಮುವೇಲಪ್ಪನವರು ಒಂದು ಹೊಸ ಪದ್ಧತಿ ಹುಟ್ಟುಹಾಕಿದರು. ಇವರು ರಿಟೈರಾದ ಕಂಪೌಂಡರು. ಯಾವ ವಚನ ಯಾರ ಪಾಲಿಗೆ ಬೀಳುತ್ತದೋ ಅದು ದೇವರು ಅವರಿಗೇ ಕೊಟ್ಟ ಔಷಧಿ, ಈಸ್ಟರಿನೊಳಗೆ ಅದರಂತೆ ನಡೆಯಲೇಬೇಕು ಎಂದು ಚೀಟಿ ಬರೆದುಕೊಟ್ಟವರಂತೆ ಹೇಳಿಬಿಟ್ಟರು. ಎರಡು ಅಂಗಿ ಇದ್ದವನು ಒಂದನ್ನು ಕೊಡಲಿ ಎಂಬ ವಚನ ಬಿದ್ದ ಹೆಂಗಸು ಹರಿದ ಸೀರೆಯೊಂದನ್ನು ದಾನ ಮಾಡಿ ಬೀದಿಗೆಲ್ಲ ಸಾರಿಕೊಂಡು ಬಂದಳು. ಇಂಥವನ ಮಗ ಇಂಥವನು ಎಂಬ ವಂಶಾವಳಿ ಬಿದ್ದವನು ಪುಣ್ಯವಂತ, ಅವನು ಏನೂ ಮಾಡಬೇಕಾಗಿರಲಿಲ್ಲ.

ಈಗ ನನ್ನ ಷಡ್ಡಕನ ವಿಷಯಕ್ಕೆ ಬರಬೇಕು. ನನ್ನ ಹೆಂಡತಿ ಸುಗುಣಳ ತಂಗಿ ಗ್ರೇಸಿಯ ಗಂಡ ದೇವಪ್ರಸಾದ ಅದೇ ಊರಿನ ಮಾವಿನ ಮಂಡಿಯಲ್ಲಿ ಕೆಲಸಕ್ಕಿದ್ದ. ಅವನಿಗೂ ನನಗೂ ಎರಡು ವರ್ಷದಿಂದ ಮಾತಿರಲಿಲ್ಲ. ಕಾರಣ ಚಿಕ್ಕದೆಂದು ಎಲ್ಲರೂ ಹೇಳುತ್ತಾರೆ; ಅವಮಾನ ಆಗಿದ್ದು ಅವರಿಗಲ್ಲವಲ್ಲ. ಮುಳಬಾಗಿಲಿನ ನಮ್ಮ ಅತ್ತೆಯ ಮನೆಯಲ್ಲಿ ಊಟಕ್ಕೆ ಮುಂಚೆ ನಾನು ಪ್ರಾರ್ಥನೆ ಮಾಡುತ್ತಿದ್ದೆ. ನನ್ನ ಪ್ರಾರ್ಥನೆಗೆ ಪೀಠಿಕೆ ಇರುತ್ತದೆ, ಒಳ್ಳೆಯ ಪದಗಳಿರುತ್ತವೆ, ಸ್ವಲ್ಪ ಹೊತ್ತು ಹಿಡಿಯುತ್ತದೆ. ನಡುವೆ ಈ ಮನುಷ್ಯ, "ಅಣ್ಣಾ, ಆಮೆನ್ ಅಂದ್ಬಿಡಿ, ಸಾರು ಆರೋಗ್ತಾ ಐತೆ" ಅಂದ. ಮನೆಮಂದಿಯೆಲ್ಲ ನಕ್ಕರು. ನನ್ನ ಹೆಂಡತಿಯೂ ನಕ್ಕಳು, ಅದನ್ನು ನಾನು ಮರೆತಿಲ್ಲ. ಅಂದಿನಿಂದ ಅವನ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಶಪಥ ಮಾಡಿದೆ. ಅದರಿಂದ ಅಕ್ಕತಂಗಿಯರು ಸೇರಿ ಮಾಡುತ್ತಿದ್ದ ಈಸ್ಟರ್ ಊಟ ನಿಂತುಹೋಯಿತು. ಈ ಸಲವಾದರೂ ಹಬ್ಬದ ದಿನ ಗ್ರೇಸಿಯ ಮನೆಗೆ ಹೋಗೋಣವೆಂದು ಸುಗುಣ ಲೆಂಟ್ ಶುರುವಾದಾಗಿನಿಂದ ಕೇಳುತ್ತಲೇ ಇದ್ದಳು. ಮೊದಲು ಅವನು ಬಂದು ಮಾತಾಡಲಿ ಎಂದು ನಾನೂ ಹೇಳುತ್ತಲೇ ಇದ್ದೆ. ಕೊನೆಕೊನೆಗೆ ಅವಳು ಕೇಳುವಾಗ ಕಣ್ಣಲ್ಲಿ ನೀರಿರುತ್ತಿತ್ತು. ನಾನು ಪೇಪರು ಓದುತ್ತಿದ್ದೆ.

ಕಡೆಯ ಮಂಗಳವಾರ ನಮ್ಮ ಮನೆಯ ಸರದಿ. ಬೆಟ್ಟದ ಮೇಲಿನ ಉಪದೇಶದ ಅಧ್ಯಾಯ ಓದೋಣವೆಂದು ಸಾಮುವೇಲಪ್ಪನವರು ಹೇಳಿಕಳಿಸಿದರು. ನಾನು ಹಿಂದಿನ ದಿನವೇ ಅದನ್ನು ತೆಗೆದು ನೋಡಿದೆ. ನಿನ್ನ ಮೇಲೆ ಸಹೋದರನಿಗೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಹೋಗಿ ಅವನೊಡನೆ ಒಂದಾಗು ಎಂಬ ಮಾತು ಅಲ್ಲಿತ್ತು. ಮುದುಕ ಬೇಕೆಂದೇ ಆರಿಸಿದ್ದ. ಆರಿಸಲಿ, ಮನೆ ನನ್ನದು, ಚಾಪೆ ನನ್ನದು. ಯಾರು ಯಾರು ಬರುತ್ತಾರೆಂದು ಲೆಕ್ಕ ಹಾಕಿ, ಆ ವಚನ ಸರಿಯಾಗಿ ದೇವಪ್ರಸಾದನ ತಲೆಯ ಮೇಲೆ ಬೀಳುವಂತೆ ಜಾಗಗಳನ್ನು ಗೊತ್ತುಮಾಡಿದೆ. ಅವನು ಓದುವುದನ್ನು ಹತ್ತಿರದಿಂದ ಕೇಳುವ ಆಸೆಗೆ, ಅವನಿಗಿಂತ ಮೊದಲಿನ ಜಾಗದಲ್ಲಿ ನಾನೇ ಕೂತೆ. ನನ್ನ ಇನ್ನೊಂದು ಪಕ್ಕದಲ್ಲಿ ಸುಗುಣ. ಗ್ರೇಸಿ ಒಳಗೆ ಬೋಂಡ ಕರಿಯುತ್ತಿದ್ದಳು.

ಓದು ಎಣಿಸಿದಂತೆ ಸಾಗುತ್ತಿತ್ತು. ಇನ್ನೇನು ನಮ್ಮ ಕಡೆಗೆ ತಿರುಗಬೇಕು, ಅಷ್ಟರಲ್ಲಿ ಮುಳಬಾಗಿಲಿನ ಬಸ್ಸಿಳಿದು ಅತ್ತೆ ಬಂದರು. ಕೈಕಾಲು ಕೂಡ ತೊಳೆಯದೆ, "ಒಸಿ ಜರಗ್ರಮ್ಮಾ" ಅನ್ನುತ್ತಾ ಸಾಮುವೇಲಪ್ಪನವರ ಪಕ್ಕದಲ್ಲಿ ಕೂತು ತಮ್ಮ ತೆಲುಗು ಸತ್ಯವೇದ ಬಿಚ್ಚಿದರು. ನಮಗಿಂತ ಮೊದಲು ಓದುವವರು ಒಬ್ಬರು ಹೆಚ್ಚಾದರೆ ವಚನ ಒಬ್ಬರಷ್ಟು ಹಿಂದಕ್ಕೆ ಸರಿಯುತ್ತದೆ. ದೇವಪ್ರಸಾದನದು ಈಗ ನನ್ನದಾಗಿತ್ತು. ಪಕ್ಕಕ್ಕೆ ನೋಡಿದರೆ ಅವನ ಬೆರಳೂ ಪುಸ್ತಕದ ಮೇಲೆ ಎಣಿಸುತ್ತಿತ್ತು, ತುಟಿಯಂಚಿನಲ್ಲಿ ನಗುವಿತ್ತು. ಆಗ ನನಗೆ ಎಲ್ಲಿಲ್ಲದ ಭಕ್ತಿ ಉಕ್ಕಿತು. ದೇವರ ವಾಕ್ಯಕ್ಕಿಂತ ಬೋಂಡ ದೊಡ್ಡದಲ್ಲವೆಂದು ಗ್ರೇಸಿಯನ್ನು ಒಲೆಯ ಮುಂದಿನಿಂದ ಕರೆಸಿ, ಅವಳ ಅಮ್ಮನ ಪಕ್ಕದಲ್ಲಿ ಕೂರಿಸಿದೆ. ಇನ್ನೊಬ್ಬರು ಹೆಚ್ಚಾದರು. ವಚನ ನನ್ನನ್ನು ಬಿಟ್ಟು ಸುಗುಣಳಿಗೆ ಹೋಯಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಸುಗುಣ ಅದನ್ನು ನಿಧಾನವಾಗಿ, ತಡವರಿಸದೆ ಓದಿದಳು. ಓದಿ ಪುಸ್ತಕ ಮುಚ್ಚಿದಳು. ಮುಂದಿನ ವಚನ ನನ್ನದು, ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಗ್ರೇಸಿ, ಹಬ್ಬದ ದಿನ ಮಕ್ಕಳನ್ನ ಕರ್ಕೊಂಡು ನಿಮ್ಮನೇಗೆ ಬರ್ತೀನಿ ಕಣೇ. ವಚನ ನನಗೆ ಬಿದ್ದೈತೆ. ಅವರಿಗೆ ಬಿದ್ದಿಲ್ಲ, ಅವರು ಬರೋದು ಬೇಡ."

ಸಾಮುವೇಲಪ್ಪನವರು ಆಮೆನ್ ಅಂದರು. ಇಡೀ ಸಾಲು ಆಮೆನ್ ಅಂದಿತು. ಅದುವರೆಗೆ ಅಷ್ಟು ಗಟ್ಟಿಯಾಗಿ ಅವರು ಯಾವುದಕ್ಕೂ ಆಮೆನ್ ಅಂದಿರಲಿಲ್ಲ. ಒಳಗೆ ಬಾಣಲೆಯಲ್ಲಿ ಬೋಂಡ ಸೀದ ವಾಸನೆ ಬರುತ್ತಿತ್ತು.

ಈಸ್ಟರ್ ದಿನ ಬೆಳಗಿನ ಜಾವ ಸಮಾಧಿಯ ತೋಟದಲ್ಲಿ ಆರಾಧನೆ ಮುಗಿಯಿತು. ಹೆಂಡತಿ, ಮಕ್ಕಳು, ಅತ್ತೆ ಎಲ್ಲ ಅಲ್ಲಿಂದಲೇ ಗ್ರೇಸಿಯ ಮನೆಗೆ ಹೋದರು. ನಾನು ಮನೆಗೆ ಬಂದು ಹಿಂದಿನ ದಿನದ ಹುರುಳಿ ಸಾರನ್ನು ನೋಡಿ ಮುಚ್ಚಿಟ್ಟೆ. ಆ ಕಪಟಿಗಳ ಜೊತೆ ಕೂತು ಉಣ್ಣುವುದಕ್ಕಿಂತ ಇದೇ ಮೇಲು ಎಂದು ಗೋಡೆಗೆ ಗಟ್ಟಿಯಾಗಿಯೇ ಹೇಳಿದೆ. ಇಡೀ ಲೆಂಟಿನಲ್ಲಿ ಒಬ್ಬನಾದರೂ ಶ್ರದ್ಧೆಯಿಂದ ಓದಿದನೇ, ನಾನಾದರೂ ಓದುತ್ತೇನೆ ಎಂದು ಹಟಕ್ಕೆ ಬಿದ್ದು ಅದೇ ಅಧ್ಯಾಯ ತೆಗೆದೆ. ಸ್ಪಷ್ಟವಾದ ಉಚ್ಚಾರಣೆಯಲ್ಲಿ ಒಂದು ವಚನ ಓದಿದೆ. ಅಭ್ಯಾಸಬಲದಿಂದ ಮುಂದಿನದನ್ನು ಯಾರಾದರೂ ಓದಲಿ ಎಂದು ಕಾದೆ. ಯಾರೂ ಇರಲಿಲ್ಲ. ಅದನ್ನೂ ನಾನೇ ಓದಬೇಕಾಯಿತು, ಅದರ ಮುಂದಿನದನ್ನೂ. ಒಬ್ಬನೇ ಕೂತು ಓದಿದರೆ ಎಲ್ಲ ವಚನಗಳೂ ನನ್ನ ಪಾಲಿಗೇ ಬೀಳುತ್ತವೆ ಎನ್ನುವುದು ಆಗ ಹೊಳೆಯಿತು. ಸಹೋದರನ ವಚನ ಬರುವ ಮೊದಲೇ ಪುಸ್ತಕ ಮುಚ್ಚಿ ಚಪ್ಪಲಿ ಹುಡುಕಿದೆ.

ಬಾಗಿಲು ತೆಗೆದವನು ದೇವಪ್ರಸಾದನೇ. ನಗದೆ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ತಟ್ಟೆಗಳ ಸಾಲಿನಲ್ಲಿ ಒಂದು ಖಾಲಿ ತಟ್ಟೆ ಮೊದಲೇ ಇಟ್ಟಿದ್ದರು. ಪ್ರಾರ್ಥನೆ ನಾನೇ ಮಾಡಬೇಕೆಂದು ಅತ್ತೆ ಹೇಳಿದರು. ಬಿರಿಯಾನಿಯಿಂದ ಆವಿ ಏಳುತ್ತಿತ್ತು, ಪೀಠಿಕೆಯನ್ನು ಬಿಟ್ಟೆ, ಒಳ್ಳೆಯ ಪದಗಳನ್ನೂ ಬಿಟ್ಟೆ. ಸುಗುಣ ನನ್ನ ತಟ್ಟೆಗೆ ಎರಡು ತುಂಡು ಹೆಚ್ಚಾಗಿಯೇ ಹಾಕಿದಳು. ಎಲ್ಲರೂ ನನ್ನ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದರು. ನಾನು ಒಂದು ತುತ್ತು ನುಂಗಿ, ಎರಡು ವರ್ಷದ ಮೇಲೆ ಮೊದಲ ಸಲ ಷಡ್ಡಕನ ಮುಖ ನೋಡಿ ಮಾತಾಡಿದೆ: "ಉಪ್ಪು ಕಮ್ಮಿ."