ನಳದ ಸುದ್ದಿ ಹೇಳುವ ಡಬ್ಬಿ

ತನಗೆ ಬರುವ ವಿದ್ಯೆಯನ್ನು ಮನೆಯಲ್ಲಿ ತೋರಿಸಲು ಹೋಗುವವನಷ್ಟು ಅಪಾಯದ ಮನುಷ್ಯ ಇನ್ನೊಬ್ಬನಿಲ್ಲ. ವಕೀಲ ಹೆಂಡತಿಯೊಡನೆ ವಾದಕ್ಕಿಳಿಯಬಾರದು, ವೈದ್ಯ ಬೀಗರ ನಾಡಿ ಹಿಡಿಯಬಾರದು. ಅಫಜಲಪುರದಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವ ನಾನಂತೂ ನಮ್ಮ ಮನೆಯ ನಳದ ಗೊಡವೆಗೆ ಹೋಗಲೇಬಾರದಿತ್ತು.

ನಮ್ಮ ಓಣಿಯಲ್ಲಿ ನಳಕ್ಕೆ ನೀರು ಬರಲು ಹೊತ್ತುಗೊತ್ತಿಲ್ಲ. ಬಂದರೆ ಮೊದಲು ತಿಳಿಯುವುದು ಓಣಿಯ ತುದಿಮನೆಯ ಖೈರುನ್ ಚಾಚಿಗೆ. ಅವರು ತಮ್ಮ ಕೊಡ ಇಟ್ಟು, ಒಂದೊಂದೇ ಬಾಗಿಲು ಬಡಿಯುತ್ತ, "ನಳ ಬಂದದ್ರೀ!" ಎಂದು ಕೂಗುತ್ತ ಬಂದು, ಕಡೆಗೆ ನಮ್ಮ ಮನೆಯಲ್ಲಿ ಕೂರುತ್ತಿದ್ದರು. ನಾನು ಕೊಡಗಳನ್ನು ತುಂಬುವಷ್ಟರಲ್ಲಿ ಅವ್ವ ಮತ್ತು ಅವರು ಚಹಾ ಮುಗಿಸಿ, ಓಣಿಯ ಅರ್ಧ ಮಂದಿಯನ್ನೂ ಮುಗಿಸಿರುತ್ತಿದ್ದರು. ಮೊಳಕಾಲು ನೋವಿನಿಂದ ಹೊಸ್ತಿಲು ದಾಟಲಾರದ ಅವ್ವನಿಗೆ ಹೊರಗಿನ ಸುದ್ದಿ ಬರುತ್ತಿದ್ದುದು ಈ ದಾರಿಯಲ್ಲೇ. ಅದು ನನಗೆ ಹೊಳೆಯಲಿಲ್ಲ. ನನಗೆ ಕಂಡದ್ದು ವಯಸ್ಸಾದವರೊಬ್ಬರು ಬಿಸಿಲಲ್ಲಿ ಅಲೆಯುವುದು ಮಾತ್ರ.

ಹೀಗಾಗಿ ಕಲಬುರಗಿಯಿಂದ ಒಂದು ಪ್ರೊಸೆಸರ್ ಮಾಡ್ಯೂಲ್, ಅಂದರೆ ಪುಟ್ಟ ಕಂಪ್ಯೂಟರನ್ನೇ ತಂದೆ. ಕಡ್ಡಿಪೆಟ್ಟಿಗೆಗಿಂತ ಚಿಕ್ಕದು. ಅಷ್ಟರೊಳಗೇ ಮೆಮೊರಿ, ಸ್ವಂತ ಗಡಿಯಾರ, ವೈಫೈ. ಅಂಚಿಗೆ ಸಾಲಾಗಿ ಪಿನ್ನುಗಳು. ಕೆಲಸವಿಲ್ಲದಾಗ ನಿದ್ದೆ ಮಾಡುತ್ತದೆ, ಪಿನ್ನಿಗೆ ಸಂಕೇತ ತಾಗಿದೊಡನೆ ಎಚ್ಚರಾಗುತ್ತದೆ. ಮಧ್ಯಾಹ್ನದ ತರಗತಿಯಲ್ಲಿ ನನ್ನ ವಿದ್ಯಾರ್ಥಿಗಳು ಇದರಲ್ಲಿ ಮೊದಲರ್ಧವನ್ನಷ್ಟೇ ಮಾಡುತ್ತಾರೆ. ವಾಚ್‌ಡಾಗ್ ಎಂಬ ಕಾವಲು ಟೈಮರ್ ಬೇರೆ ಇದೆ. ಪ್ರೊಸೆಸರ್ ಮಂಕು ಹಿಡಿದು ಕೂತರೆ, ಅದು ಯಾರನ್ನೂ ಕೇಳದೆ ಮತ್ತೆ ಮೊದಲಿನಿಂದ ಶುರು ಮಾಡಿಸುತ್ತದೆ. ನೀರು ಬಂದದ್ದನ್ನು ಗುರುತಿಸುವ ಸೆನ್ಸರನ್ನು ನಳಕ್ಕೆ ಕಟ್ಟಿ, ಇಂಥ ಪಂಡಿತನನ್ನು ಒಂದು ಡಬ್ಬಿಯಲ್ಲಿ ಕೂರಿಸಿ, ಪೀಪಿ ಊದುವ ಕೆಲಸಕ್ಕೆ ಹಚ್ಚಿದೆ. ನೀರು ಬಂದೊಡನೆ ಊದಿತು! ಹೆಮ್ಮೆಯಿಂದ ಚಾಚಿಗೆ ಹೇಳಿದೆ: "ಇನ್ನ ನಮ್ಮ ಬಾಗ್ಲಾ ಬಡಿಯೋದು ಬ್ಯಾಡ್ರಿ ಚಾಚಿ, ಈ ಡಬ್ಬೀನೇ ಹೇಳ್ತದ."

"ಛಲೋ ಆತು ಬಿಡ್ರಿ ಸರ್," ಎಂದರು. ಅಂದಿನಿಂದ ಬರುವುದನ್ನು ಬಿಟ್ಟರು.

ಡಬ್ಬಿ ಒಮ್ಮೆಯೂ ತಪ್ಪಲಿಲ್ಲ. ಸಪ್ಪಗಾದವಳು ಅವ್ವ. ಚಹಾ ಬೇಡವೆಂದಳು, ರೊಟ್ಟಿ ಅರ್ಧಕ್ಕೆ ಬಿಟ್ಟಳು. ಪೀಪಿ ಊದಿದಾಗಲೆಲ್ಲ ಬಾಗಿಲ ಕಡೆ ನೋಡಿ, ಮತ್ತೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. "ಚಾಚಿನ್ನ ಕರೀಲೇನವ್ವಾ?" ಎಂದು ಕೇಳಿದೆ. "ಕೆಲಸಿಲ್ದ ಯಾಕ ಬರ್ತಾಳಪಾ ಆಕಿ? ನೀನೇ ಬ್ಯಾಡ ಅಂದೀದಿ," ಎಂದಳು. ನನಗೆ ಬಹಳ ಕೆಟ್ಟದೆನಿಸಿತು.

ಮರುದಿನವೇ ಪೀಪಿಯ ತಂತಿ ಕಿತ್ತು, ಚಾಚಿಯ ಮನೆಗೆ ಹೋಗಿ, ಮುಖ ಸಣ್ಣದು ಮಾಡಿಕೊಂಡು "ಡಬ್ಬಿ ಕೆಟ್ಟದರಿ" ಎಂದೆ. ಮುಂದೆ ನೀರು ಬಂದಾಗ ಅವರು ನಮ್ಮ ಬಾಗಿಲನ್ನು ಮುರಿಯುವ ಹಾಗೆ ಬಡಿದರು. ಅವ್ವ ಎದ್ದು ಕೂತು ಚಹಾಕ್ಕೆ ಅವಸರ ಮಾಡಿದಳು.

"ಇಷ್ಟ ವರ್ಷ ಪಾಠ ಹೇಳ್ತಾನ, ಒಂದ್ ಡಬ್ಬಿ ಸರಿ ಮಾಡಾಕ ಬರಂಗಿಲ್ಲ ನೋಡಬೇ," ಎಂದು ಚಾಚಿಯ ಮುಂದೆ ನನ್ನ ಮಾನ ಕಳೆದಳು.

"ಹಂಗ ಅನಬ್ಯಾಡ್ರಿ ಅಕ್ಕಾ. ಪಾಪ, ಸರ್‌ದು ದಿಲ್ ಛಲೋ ಅದ," ಎಂದರು ಚಾಚಿ.

ಕೊಡ ಹೊತ್ತು ನಿಂತಿದ್ದ ನನಗೆ ಈ ಕನಿಕರ ತಡೆಯಲಾಗಲಿಲ್ಲ. "ಬೇಕಾದ್ರ ಈಗೇ ರಿಪೇರಿ ಮಾಡ್ತೇನಿ," ಎಂದೆ.

"ಬ್ಯಾಡ!" ಎಂದರು ಇಬ್ಬರೂ ಒಟ್ಟಿಗೇ.

ಡಬ್ಬಿ ಕೆಟ್ಟಿಲ್ಲವೆಂಬುದು ಅವರಿಗೆ ಮೊದಲೇ ಗೊತ್ತಿತ್ತೋ, ಇಲ್ಲಾ ನಾನು ಕೈ ಹಚ್ಚಿದರೆ ಇದ್ದ ನಳವೂ ಹೋದೀತೆಂದು ಹೆದರಿದರೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.