ಖಾಲಿ ಡಬ್ಬಿಯ ವಿದೇಶಾಂಗ ನೀತಿ

ದೇಶ ದೇಶಗಳ ನಾಯಕರಿಗೆ ಅಂಕ ಕೊಡುವ ಚಟ ನನಗಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಂದ್ರಾ ಲೇಔಟಿನ ಪಾರ್ಕಿನಲ್ಲಿ ಮೂರು ಸುತ್ತು ನಡೆದು, ಆರು ಸುತ್ತು ನಡೆದವನಂತೆ ಬೆಂಚಿನ ಮೇಲೆ ಕುಸಿದರೆ ನನ್ನ ಮೌಲ್ಯಮಾಪನ ಶುರು. ಯಾವ ಅಧ್ಯಕ್ಷ ಕೈಕುಲುಕುವಾಗ ಗಡಿಯಾರ ನೋಡಿದ, ಯಾವ ಪ್ರಧಾನಿ ಔತಣದಲ್ಲಿ ಆತಿಥೇಯರಿಗಿಂತ ಮೊದಲೇ ಚಮಚ ಎತ್ತಿದ, ಎಲ್ಲಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು, ಕೈ ಬಿಗಿ. ನೆರೆಯ ದೇಶದೊಡನೆ ಮಾತು ಬಿಟ್ಟ ಒಬ್ಬ ನಾಯಕನಿಗಂತೂ ಸೊನ್ನೆ ಸುತ್ತಿ, "ಪಕ್ಕದ್ಮನೆಯವರ ಜೊತೆ ಹೊಂದ್ಕೊಳ್ಳೋಕೆ ಬರದೋನು ದೇಶ ಏನ್ ಆಳ್ತಾನೆ ಸಾರ್?" ಎಂದು ಬೆಂಚಿನ ಮಿತ್ರರೆದುರು ಗುಡುಗಿದ್ದೆ.

ಅದೇ ವಾರ ನನ್ನ ಹೆಂಡತಿ ಸುಮಿತ್ರಾ ಕೆಂಗೇರಿಯ ತಂಗಿಯ ಮನೆಗೆ ಹೋದಳು. ಪಕ್ಕದ ಮನೆಯ ಗಿರಿಜಮ್ಮ ಧಾರವಾಡದ ಕಡೆಯವರು. ಅವರ ಸ್ಟೀಲ್ ಡಬ್ಬಿಯಲ್ಲಿ ನಮಗೆ ಶೇಂಗಾ ಚಟ್ನಿಪುಡಿ ಬರುತ್ತದೆ. ಅದೇ ಡಬ್ಬಿಯಲ್ಲಿ ಸುಮಿತ್ರಾಳ ಕೋಡುಬಳೆ ಅಲ್ಲಿಗೆ ಹೋಗುತ್ತದೆ. ಏನೂ ಮಾಡಿಲ್ಲದ ದಿನ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುವುದುಂಟು. ಹನ್ನೊಂದು ವರ್ಷದಲ್ಲಿ ಆ ಡಬ್ಬಿ ಒಮ್ಮೆಯೂ ಖಾಲಿ ಗಡಿ ದಾಟಿರಲಿಲ್ಲ. ಇದೆಲ್ಲ ನನಗೇನು ಗೊತ್ತು? ನಾನು ತಿನ್ನುವ ಇಲಾಖೆಯವನು. ಪುಡಿ ಮುಗಿಸಿ, ಡಬ್ಬಿಯನ್ನು ಫಳಫಳ ತೊಳೆದು, ಒರೆಸಿ, ಗಿರಿಜಮ್ಮನ ಕೈಗೆ ಕೊಟ್ಟು "ಥ್ಯಾಂಕ್ಸ್ ಅಮ್ಮಾ" ಎಂದು ಬಂದೆ. ನನ್ನ ಶುಚಿತ್ವವನ್ನು ನಾನೇ ಮೆಚ್ಚಿಕೊಂಡೆ.

ಸುಮಿತ್ರಾ ತಂಗಿಯ ಮನೆಯಿಂದ ಬಂದಾಗ ಗಿರಿಜಮ್ಮ ಮುಖ ತಿರುಗಿಸಿ ಬಾಗಿಲು ಹಾಕಿಕೊಂಡರು. ನಾನು ಡಬ್ಬಿ ಖಾಲಿ ಕೊಟ್ಟದ್ದು ತಿಳಿದ ಮೇಲೂ ಸುಮಿತ್ರಾ ನನ್ನನ್ನು ಬೈಯಲಿಲ್ಲ. ದಿನಾ ಸಂಜೆ ಇಬ್ಬರೂ ಕಾಂಪೌಂಡಿನ ಆಚೆ ಈಚೆ ನಿಂತು ಸೊಪ್ಪು ಬಿಡಿಸುತ್ತ ಹರಟುತ್ತಿದ್ದರು. ಅಂದು ಅವಳೊಬ್ಬಳೇ ನಿಂತು ಬಿಡಿಸಿ ಒಳಗೆ ಬಂದಳು. ಬೈದಿದ್ದರೇ ವಾಸಿಯಿತ್ತು.

ಮರುದಿನ ಇಸ್ತ್ರಿ ಶರ್ಟು ತೊಟ್ಟು, ಒಂದು ಕೆಜಿ ಮೈಸೂರುಪಾಕು ಹಿಡಿದು ಶಾಂತಿ ಮಾತುಕತೆಗೆ ಹೊರಟೆ.

"ಬರ್ರಿ ಮಾಸ್ತರ," ಎಂದರು ಗಿರಿಜಮ್ಮ. "ಡಬ್ಬಿ ಖಾಲಿ ಬಂತಲ್ರಿ. ಇನ್ನ ಪುಡಿ ಕಳಸಬ್ಯಾಡ್ರಿ ಅಂತ ಸುಮಿತ್ರಕ್ಕ ಹೇಳಿ ಕಳಸ್ಯಾರೇನು?"

ರಾಜತಾಂತ್ರಿಕನಾದವನು ಮನಸ್ಸು ಬಿಚ್ಚಿ ಮಾತಾಡಬೇಕು ಎಂಬುದು ನನ್ನ ಸಿದ್ಧಾಂತ. "ಛೆ ಛೆ, ಅವಳು ಮನೇಲೇ ಇರ್ಲಿಲ್ಲ. ಪುಡಿ ಚೆನ್ನಾಗೇ ಇತ್ತು, ಖಾರ ಒಂಚೂರು ಜಾಸ್ತಿ ಅಷ್ಟೆ," ಎಂದೆ. ಅವರ ಹುಬ್ಬು ಮೇಲೇರಿತು. ಗಾಬರಿಯಾಗಿ ಸಮತೋಲನಕ್ಕೆಂದು ಇನ್ನೊಂದು ಮಾತು ಸೇರಿಸಿದೆ: "ನಮ್ಮನೆ ಕೋಡುಬಳೆಗಿಂತ ಎಷ್ಟೋ ಮೇಲು ಬಿಡಿ. ಅದನ್ನ ಕಡಿಯೋಕೆ ಸುತ್ತಿಗೆ ಬೇಕು."

"ಏನಂದ್ರಿ? ಆಕಿ ಕೋಡಬಳಿಗೆ ಹೆಸರಿಡತೀರಿ?" ಗಿರಿಜಮ್ಮ ಕಾಂಪೌಂಡಿಗೆ ಓಡಿ ಕೂಗಿದರು: "ಸುಮಿತ್ರಕ್ಕಾ, ಬರ್ರಿಲ್ಲೆ! ನಿಮ್ಮ ಮನಿಯವ್ರು ಏನಂತಾರ ಕೇಳ್ರಿ! ನನ್ನ ಪುಡಿ ಖಾರಂತ, ನಿಮ್ಮ ಕೋಡಬಳಿಗೆ ಸುತ್ತಿಗಿ ಬೇಕಂತ!"

ಸುಮಿತ್ರಾ ಕೈ ಕೂಡ ಒರೆಸಿಕೊಳ್ಳದೆ ಓಡಿ ಬಂದಳು. "ನಿಮ್ಮ ಪುಡಿ ಖಾರ ಅಂದ್ರಾ? ಅರ್ಧ ಡಬ್ಬಿ ಒಂದೇ ದಿನಕ್ಕೆ ತಿಂದಿದಾರೆ ಕಣ್ರೀ ಗಿರಿಜಕ್ಕಾ!" ಎಂದಳು. ಐದೇ ನಿಮಿಷದಲ್ಲಿ ಇಬ್ಬರೂ ಸೋಫಾದ ಮೇಲೆ ಕೂತು, ನಾನು ತಂದ ಮೈಸೂರುಪಾಕು ತಿನ್ನುತ್ತ, ನನ್ನ ತಪ್ಪುಗಳನ್ನು ಒಂದೊಂದಾಗಿ ಎತ್ತಿ ಆಡತೊಡಗಿದರು. ಪ್ರತಿಯೊಂದರಲ್ಲೂ ಪೂರ್ಣ ಒಮ್ಮತ. ನಾನೂ ಒಂದು ತುಂಡಿಗೆ ಕೈ ಚಾಚಿದೆ.

"ನೀವು ಮನೆಗೆ ನಡೀರಿ, ನಾವು ಮಾತಾಡ್ತಾ ಇದೀವಿ," ಎಂದಳು ಸುಮಿತ್ರಾ.

ನಡೆದೆ. ಹನ್ನೊಂದು ವರ್ಷದ ಸ್ನೇಹ ಉಳಿಯಿತು. ಉಳಿಸಿದವನು ನಾನೇ ಎಂದು ಹೇಳಿಕೊಳ್ಳಲು ಆ ಮನೆಯವರೂ ಬಿಡುತ್ತಿಲ್ಲ, ಈ ಮನೆಯವಳೂ ಬಿಡುತ್ತಿಲ್ಲ.